ನಿಮಗಿದು ಗೊತ್ತೇ? ಸರ್ಕಾರಿ ಸಂಬಳ, ಖಾಸಗಿ ಪ್ಯಾಕೇಜ್

ಕೆ. ಸುಧಾಕರ ರಾವ್ ಅಧ್ಯಕ್ಷತೆಯ ಏಳನೇ ರಾಜ್ಯ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್ 1ರಿಂದ ಜಾರಿಗೆ ಬಂತು. ಕನಿಷ್ಠ ಮೂಲ ವೇತನ 17,000 ರೂಪಾಯಿಯಿಂದ 27,000ಕ್ಕೆ ಏರಿತು, ಗರಿಷ್ಠ 2,41,200. ರಾಜ್ಯ ಶ್ರೇಣಿಯ ತಳಕ್ಕೂ ತುದಿಗೂ ಇರುವ ಅಂತರ ಒಂಬತ್ತು ಪಟ್ಟಿಗಿಂತ ಕಡಿಮೆ! ಖಾಸಗಿಯಲ್ಲಿ ಇದು ಎಷ್ಟೆಂದು ತಿಳಿಯಬೇಕೆ? ಷೇರುಪೇಟೆಯಲ್ಲಿ ನೋಂದಾಯಿತವಾದ ಯಾವುದೇ ಕಂಪನಿಯ ವಾರ್ಷಿಕ ವರದಿ ತೆರೆಯಿರಿ. ನಿರ್ದೇಶಕರ ಸಂಭಾವನೆ ನಡುಮಟ್ಟದ ನೌಕರನ ಸಂಬಳದ ಎಷ್ಟು ಪಟ್ಟು ಎಂಬುದನ್ನು ಪ್ರಕಟಿಸುವುದು 2013ರ ಕಂಪನಿ ಕಾಯ್ದೆಯಂತೆ ಕಡ್ಡಾಯ. ಕೆಳಗಿನ ಮೆಟ್ಟಿಲಲ್ಲಿ ಸರ್ಕಾರ ಮುಂದು, ಮೇಲಿನ ಮೆಟ್ಟಿಲಲ್ಲಿ ಖಾಸಗಿ ಮುಂದು.

‘ವರ್ಷಕ್ಕೆ 4 ಲಕ್ಷ ಪ್ಯಾಕೇಜ್’ ಎಂದರೆ ತಿಂಗಳಿಗೆ 33 ಸಾವಿರ ಕೈಗೆ ಬರುತ್ತದೆಯೇ? ಇಲ್ಲ. ಒಂದು ಉದಾಹರಣೆ ನೋಡಿ. ಮೂಲ ವೇತನ 2 ಲಕ್ಷ ಎಂದುಕೊಳ್ಳಿ. ಕಂಪನಿ ಕಟ್ಟುವ ಪಿಎಫ್ 24,000, ಗ್ರಾಚ್ಯುಟಿಗೆಂದು ತೆಗೆದಿಡುವ ಸುಮಾರು 9,600, ಸಾಧನೆ ನೋಡಿ ಕೊಡುವ 40,000, ಇವೆಲ್ಲ ಆ 4 ಲಕ್ಷದೊಳಗೇ ಸೇರಿರುತ್ತವೆ. ಉಳಿದದ್ದರಲ್ಲಿ ಪ್ರತಿ ತಿಂಗಳೂ ನಿಮ್ಮ ಪಾಲಿನ ಪಿಎಫ್ 2,000, ವೃತ್ತಿ ತೆರಿಗೆ 200 ಕಳೆದರೆ ತಿಂಗಳಿಗೆ ಸಿಗುವುದು ಸುಮಾರು 25,000. ಇತ್ತ ಬೆಂಗಳೂರಿನಲ್ಲಿ ಹೊಸದಾಗಿ ಸೇರುವ ದ್ವಿತೀಯ ದರ್ಜೆ ಸಹಾಯಕರ ಮೂಲ ವೇತನ 34,100, ಶೇ 20ರ ಮನೆ ಬಾಡಿಗೆ ಭತ್ಯೆ 6,820, ತುಟ್ಟಿಭತ್ಯೆ ಬೇರೆ. ಅಲ್ಲೂ ಕಡಿತಗಳಿವೆ, ಆದರೂ ಮೊದಲ ವರ್ಷದ ಲೆಕ್ಕದಲ್ಲಿ ಗುಮಾಸ್ತರದೇ ಮೇಲುಗೈ. ಹತ್ತನೇ ವರ್ಷದಲ್ಲಿ ಕೌಶಲವಿರುವ ಖಾಸಗಿ ಎಂಜಿನಿಯರ್ ಎಷ್ಟೋ ಮುಂದೆ ಹೋಗಿರಬಹುದು. ಹೋಗಿಯೇ ತೀರುತ್ತಾರೆಂಬ ಖಾತರಿ ಮಾತ್ರ ಯಾರೂ ಕೊಡುವುದಿಲ್ಲ.

‘ಸರ್ಕಾರಿ ನೌಕರಿ ಅಂದ್ರೆ ಪಿಂಚಣಿ’ ಎಂಬುದು ಅಪ್ಪಂದಿರ ಕಾಲದ ಮಾತು. ರಾಜ್ಯದಲ್ಲಿ 2006ರ ಏಪ್ರಿಲ್ 1ರಿಂದ ಸೇವೆಗೆ ಸೇರಿದವರು ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಯ (ಎನ್‌ಪಿಎಸ್) ವ್ಯಾಪ್ತಿಯಲ್ಲಿದ್ದಾರೆ. ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ 10 ನೌಕರರದು, ಶೇ 14 ಸರ್ಕಾರದ್ದು. ಹಣ ಮಾರುಕಟ್ಟೆಯಲ್ಲಿ ಬೆಳೆದಷ್ಟು ಪಿಂಚಣಿ. ಹಳೇ ಪಿಂಚಣಿಗಾಗಿ ನೌಕರರು ಬೀದಿಗಿಳಿಯುವುದು ಸುಮ್ಮನೆ ಅಲ್ಲ. ಕೇಂದ್ರ ನೌಕರರಿಗೆ 2025ರ ಏಪ್ರಿಲ್‌ನಿಂದ ಯುಪಿಎಸ್ ಎಂಬ ಇನ್ನೊಂದು ಆಯ್ಕೆ ಸಿಕ್ಕಿದೆ: 25 ವರ್ಷ ಸೇವೆ ಮಾಡಿದವರಿಗೆ ಕೊನೆಯ 12 ತಿಂಗಳ ಸರಾಸರಿ ಮೂಲ ವೇತನದ ಅರ್ಧದಷ್ಟು ಖಚಿತ ಪಿಂಚಣಿ.

ಖಾಸಗಿಯವರಿಗೂ ಪಿಂಚಣಿಯಿದೆ, ಆದರೆ ಎಷ್ಟು? ಪಿಎಫ್ ಜೊತೆಗಿನ ಪಿಂಚಣಿ ಯೋಜನೆಯಾದ ಇಪಿಎಸ್‌ನಲ್ಲಿ ಲೆಕ್ಕಕ್ಕೆ ಬರುವ ಸಂಬಳದ ಮಿತಿ 15,000. ಪಿಂಚಣಿಗೆ ಅರ್ಹವಾದ ಸೇವೆ 35 ವರ್ಷವಾದರೆ ತಿಂಗಳಿಗೆ 7,500. ಕನಿಷ್ಠ ಪಿಂಚಣಿಯನ್ನು 2014ರಲ್ಲಿ ಸಾವಿರ ರೂಪಾಯಿಗೆ ನಿಗದಿ ಮಾಡಲಾಯಿತು. ಈಗಿನ ಔಷಧಿ ಅಂಗಡಿಯ ಬಿಲ್ ನೋಡಿದವರಿಗೆ ಇದು ಎಂಥ ಅನ್ಯಾಯವೆಂದು ಗೊತ್ತು.

ರಾಜ್ಯ ಸರ್ಕಾರಿ ನೌಕರರಿಗೆ ವಿಮೆ ಕೊಡುವ ಕರ್ನಾಟಕ ಸರ್ಕಾರಿ ವಿಮಾ ಇಲಾಖೆ, ಎಲ್ಲರ ಬಾಯಲ್ಲಿ ಕೆಜಿಐಡಿ, ಹುಟ್ಟಿದ್ದು 1891ರಲ್ಲಿ, ಮೈಸೂರು ಸಂಸ್ಥಾನದ ಕಾಲಕ್ಕೆ. ಎಲ್‌ಐಸಿಗಿಂತ 65 ವರ್ಷ ಹಿರಿದು!

ಸರ್ಕಾರಿ ನೌಕರರನ್ನು ವಿಚಾರಣೆಯಿಲ್ಲದೆ ಸುಲಭವಾಗಿ ವಜಾ ಮಾಡುವಂತಿಲ್ಲ; ಸಂವಿಧಾನದ 311ನೇ ವಿಧಿಯ ರಕ್ಷಣೆ ಅದು. ಆದರೆ ಅದೇ ಕಚೇರಿಯಲ್ಲಿ ಪಕ್ಕದ ಕುರ್ಚಿಯಲ್ಲಿ ಕೂತು ಅದೇ ಕಡತ ನೋಡುವ ಡೇಟಾ ಎಂಟ್ರಿ ಆಪರೇಟರ್ ಹೊರಗುತ್ತಿಗೆಯವರಾಗಿದ್ದರೆ ಅವರಿಗೆ ಆ ರಕ್ಷಣೆಯೂ ಇಲ್ಲ, ವೇತನ ಆಯೋಗವೂ ಇಲ್ಲ. ಸಂಬಳ ಏಜೆನ್ಸಿಯಿಂದ. ಸರ್ಕಾರಿ ಕಟ್ಟಡದೊಳಗೆ ದುಡಿಯುವವರೆಲ್ಲ ಸರ್ಕಾರಿ ನೌಕರರಲ್ಲ.

ಕಾಯುವ ವರ್ಷಗಳಿಗೂ ಬೆಲೆಯಿದೆ. ಕೆಪಿಎಸ್‌ಸಿಯ 362 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳಿಗೆ ಅಧಿಸೂಚನೆ ಹೊರಟದ್ದು 2011ರಲ್ಲಿ. ಅಕ್ರಮದ ಆರೋಪದ ಮೇಲೆ 2014ರಲ್ಲಿ ಸರ್ಕಾರ ಪಟ್ಟಿ ಹಿಂಪಡೆಯಿತು. ಆಯ್ಕೆಯನ್ನು ಊರ್ಜಿತಗೊಳಿಸುವ ಕಾಯ್ದೆ ಬಂದದ್ದು 2022ರಲ್ಲಿ. 545 ಪಿಎಸ್‌ಐ ಹುದ್ದೆಗಳಿಗೆ 2021ರಲ್ಲಿ ನಡೆದ ಪರೀಕ್ಷೆ ಅಕ್ರಮದಿಂದ ರದ್ದಾಗಿ, 2024ರ ಜನವರಿಯಲ್ಲಿ ಮರುಪರೀಕ್ಷೆಯಾಯಿತು. ತಪ್ಪು ಮಾಡದೆ ಓದಿ ಬರೆದವರೂ ವರ್ಷಗಟ್ಟಲೆ ಕಾದರು. ಬೆಂಗಳೂರಿನ ವಿಜಯನಗರ, ಧಾರವಾಡದ ಕೋಚಿಂಗ್ ಸೆಂಟರ್‌ಗಳ ಸುತ್ತಲಿನ ಪಿಜಿಗಳಲ್ಲಿ ಹೀಗೆ ಕಾಯುವವರು ಪಿಜಿ ಬಾಡಿಗೆ, ಕೋಚಿಂಗ್ ಶುಲ್ಕದ ಜೊತೆಗೆ ಅಷ್ಟು ವರ್ಷ ಬಿಟ್ಟುಕೊಟ್ಟ ಸಂಬಳವನ್ನೂ, ಅನುಭವವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಈ ಲೆಕ್ಕವನ್ನು ಮನೆಯವರೂ ಕೂತು ಮಾಡಲಿ.

ನಿವೃತ್ತಿಯಾಗುವಾಗ ಗಳಿಕೆ ರಜೆ ನಗದೀಕರಿಸಿದ ಹಣಕ್ಕೆ ಸರ್ಕಾರಿ ನೌಕರರಿಗೆ ಆದಾಯ ತೆರಿಗೆಯೇ ಇಲ್ಲ. ಖಾಸಗಿಯವರಿಗೆ ವಿನಾಯಿತಿ ಗರಿಷ್ಠ 25 ಲಕ್ಷದವರೆಗೆ. 2023ಕ್ಕೂ ಮುಂಚೆ ಬರೀ 3 ಲಕ್ಷವಿತ್ತು.

ಸೇವೆಯಲ್ಲಿದ್ದಾಗಲೇ ಸರ್ಕಾರಿ ನೌಕರರು ತೀರಿಕೊಂಡರೆ ಕುಟುಂಬದ ಅರ್ಹರೊಬ್ಬರು ಅನುಕಂಪದ ನೌಕರಿ ಕೇಳಬಹುದೆಂಬುದು ಎಲ್ಲರಿಗೂ ಗೊತ್ತು. ಪಿಎಫ್ ಇರುವ ಖಾಸಗಿ ನೌಕರರಿಗೂ ಇಡಿಎಲ್‌ಐ ಎಂಬ ವಿಮೆಯಿದೆ. ನೌಕರರು ಒಂದು ಪೈಸೆ ಕಟ್ಟಬೇಕಿಲ್ಲ, ಕುಟುಂಬಕ್ಕೆ 7 ಲಕ್ಷದವರೆಗೆ ಸಿಗುತ್ತದೆ. ಗೊತ್ತಿಲ್ಲದ್ದರಿಂದ ಎಷ್ಟೋ ಮನೆಯವರು ಕೇಳುವುದೇ ಇಲ್ಲ. ಪಿಎಫ್ ಕಚೇರಿಯಲ್ಲಿ 5 ಐಎಫ್ ನಮೂನೆಯ ಅರ್ಜಿ ಕೇಳಿ.