ಶಿಲೋದ್ಯಾನ

ಆಲ್ಪ್ಸ್ ಮೊದಲಾದ ಹಿಮಪರ್ವತಗಳ ಬಂಡೆಸಂದುಗಳಲ್ಲಿ ಹುಟ್ಟುವ ಪುಟ್ಟ ಹೂಗಿಡಗಳನ್ನು ಕಲೆಹಾಕಿ, ಅಂಗಳದ ಕಲ್ಲುಗಳ ನಡುವೆ ಬೆಳೆಸುವ ಹವ್ಯಾಸವು ಪಾಶ್ಚಾತ್ಯರಲ್ಲಿ ಪ್ರಸಿದ್ಧವಾದುದು. ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಇಂತಹ ಶಿಲೋದ್ಯಾನವು 1882ರಲ್ಲಿಯೇ ನಿರ್ಮಿತವಾಯಿತು. ಆ ಗಿಡಗಳಿಗೆ ಚಳಿಯ ಭಯವಿಲ್ಲ. ಬುಡದಲ್ಲಿ ನಿಂತ ನೀರೂ ಬೇಸಗೆಯ ಧಗೆಯೂ ಅವಕ್ಕೆ ಮೃತ್ಯುಸಮಾನ. ಆದುದರಿಂದ ಸುರಪುರ ಸೀಮೆಯ ನಮ್ಮ ಕಕ್ಕೇರಾದಂತಹ ಬಿಸಿಲೂರಿಗೆ ಅವನ್ನು ತರಿಸುವುದು ವ್ಯರ್ಥ ಪ್ರಯಾಸವೇ ಸರಿ.

ಹಾಗೆಂದು ವಾಚಕರು ಈ ವಿನೋದವನ್ನು ತೊರೆಯಬೇಕಿಲ್ಲ. ಸಂಸ್ಕೃತದಲ್ಲಿ ಅಸ್ಥಿಶೃಂಖಲೆಯೆನಿಸಿದ ಮಂಗರಬಳ್ಳಿಯೂ ಕುಮಾರಿಯೆನಿಸಿದ ಲೋಳೆಸರವೂ ನಮ್ಮ ಒಣನೆಲಕ್ಕೆ ಒಗ್ಗಿದವು. ಇವು ಇರುಳಿನಲ್ಲಿ ಸೂಕ್ಷ್ಮರಂಧ್ರಗಳನ್ನು ತೆರೆದು ಗಾಳಿಯನ್ನು ಕೊಳ್ಳುವುವು. ಹಗಲಿನಲ್ಲಿ ಮುಚ್ಚಿಕೊಂಡು ಒಡಲ ನೀರನ್ನು ಕಾಯ್ದುಕೊಳ್ಳುವುವು. ಇಂತಹ ಮಿತವ್ಯಯವು ಗೃಹಸ್ಥರಿಗೂ ಅನುಕರಣೀಯವಲ್ಲವೆ?

ಅಂಗಳದ ಎತ್ತರದ ಮೂಲೆಯಲ್ಲಿ ಗೇಣುದ್ದ ಜಲ್ಲಿಯನ್ನು ಹರಡಿ, ಮೇಲೆ ಮರಳು ಬೆರೆಸಿದ ಮಸಾರಿ ಮಣ್ಣನ್ನು ಹಾಕಬೇಕು. ಎರೆಮಣ್ಣು ಸಲ್ಲದು, ಅದು ನೀರನ್ನು ಹಿಡಿದಿಟ್ಟು ಬೇರನ್ನು ಕೊಳೆಯಿಸುವುದು. ಕಲ್ಲುಗಳನ್ನು ಅಲುಗದಂತೆ ಮೂರರಲ್ಲೊಂದು ಪಾಲು ಹೂಳಬೇಕು. ಮಂಗರಬಳ್ಳಿಯ ಗೆಣ್ಣಿನ ತುಂಡನ್ನು ಮೂರುನಾಲ್ಕು ದಿನ ನೆರಳಿನಲ್ಲಿಟ್ಟು, ಗಾಯವೊಣಗಿದ ಬಳಿಕ ನೆಟ್ಟರೆ ಸುಲಭವಾಗಿ ಚಿಗುರುವುದು. ಮಣ್ಣು ಪೂರ್ತಿಯಾಗಿ ಒಣಗಿದ ಮೇಲೆಯೇ ನೀರು.

ಇನ್ನು ಮುಖ್ಯವಾದ ಮಾತೊಂದುಂಟು. ಬಂಡೆಯ ಬಿರುಕಿನಲ್ಲಿ ಹಿಡಿಮಣ್ಣು ಕೂಡಲು ಎಷ್ಟೋ ಮಳೆಗಾಲಗಳು ಬೇಕು. ಗಿಡವನ್ನು ಬೇರುಸಹಿತ ಕಿತ್ತರೆ, ಅದು ತಡೆದಿಟ್ಟಿದ್ದ ಮಣ್ಣೂ ಮುಂದಿನ ಮಳೆಗೆ ಕೊಚ್ಚಿಹೋಗುವುದು; ಮತ್ತೊಂದು ಬೀಜಕ್ಕೆ ಅಲ್ಲಿ ನೆಲೆಯಿಲ್ಲ. ಆದಕಾರಣ ಗುಡ್ಡದಿಂದ ಒಂದು ಗೆಣ್ಣನ್ನು ಮಾತ್ರ ತನ್ನಿರಿ. ಬುಡವನ್ನು ಅಲ್ಲಿಯೇ ಬಿಡಿರಿ. ನೆರೆಮನೆಯಲ್ಲಿ ಬೆಳೆದಿದ್ದರಂತೂ ಗುಡ್ಡವನ್ನೇ ಹತ್ತಬೇಡಿರಿ. ಕೇಳಿ ಪಡೆದುದನ್ನು ಬೆಳೆಸಿ, ಕೇಳಿದವರಿಗೆ ಕೊಡುವುದೇ ಈ ಸಂಗ್ರಹದ ಧರ್ಮ.