ಒಂದೇ ಗಣಕಯಂತ್ರದಲ್ಲಿ ಹಲವು ಕಚೇರಿಗಳ ದಾಖಲೆ: ವರ್ಚುವಲ್ ಯಂತ್ರ ವ್ಯವಸ್ಥೆಯ ಕುರಿತು ಮಾಹಿತಿ

ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾಂವಿ, ಸವಣೂರು ಮತ್ತು ಹಿರೇಕೆರೂರು ತಾಲೂಕುಗಳ ರೈತರು ಬೆಳೆಸಾಲ ಮುಂತಾದ ಕಾರ್ಯಗಳಿಗಾಗಿ ಪಹಣಿ ಪತ್ರಿಕೆಯನ್ನು ಪಡೆಯಬೇಕಾಗುತ್ತದೆ. ಭೂಮಿ ಯೋಜನೆಯ ಆರಂಭದ ವರ್ಷಗಳಲ್ಲಿ ಆಯಾ ತಾಲೂಕಿನ ದಾಖಲೆಗಳು ಆಯಾ ತಾಲೂಕು ಕಚೇರಿಯ ಗಣಕಯಂತ್ರದಲ್ಲಿಯೇ ಇರುತ್ತಿದ್ದವು. ಸವಣೂರಿನ ಯಂತ್ರ ಕೆಟ್ಟರೆ ಹಿರೇಕೆರೂರಿನ ಕೆಲಸ ನಿಲ್ಲುತ್ತಿರಲಿಲ್ಲ. ತರುವಾಯ ಸರ್ಕಾರಿ ದಾಖಲೆಗಳು ಕೇಂದ್ರೀಕೃತ ದತ್ತಾಂಶ ಕೇಂದ್ರಗಳಿಗೆ ಸ್ಥಳಾಂತರಗೊಂಡವು. ಕೇಂದ್ರ ಸರ್ಕಾರದ ಮೇಘರಾಜ್ ಉಪಕ್ರಮದಡಿ 2014ರಲ್ಲಿ ಆರಂಭವಾದ ಎನ್.ಐ.ಸಿ. ಸಂಸ್ಥೆಯ ರಾಷ್ಟ್ರೀಯ ಕ್ಲೌಡ್ ಸೇವೆಯು ಇಲಾಖೆಗಳಿಗೆ ವರ್ಚುವಲ್ ಸರ್ವರ್‌ಗಳನ್ನು ಒದಗಿಸುತ್ತದೆ. ಹೀಗೆ ಯಂತ್ರವನ್ನು ಹಂಚಿಕೊಂಡಾಗ ಒಬ್ಬರ ದಾಖಲೆ ಮತ್ತೊಬ್ಬರ ಕೈಗೆ ಸಿಗುವುದೇ, ಒಂದು ಕೆಟ್ಟರೆ ಎಲ್ಲವೂ ನಿಲ್ಲುವುದೇ ಎಂಬ ಸಂದೇಹ ಸಾರ್ವಜನಿಕರಲ್ಲಿ ಮೂಡುವುದು ಸಹಜ.

ವರ್ಚುವಲ್ ಯಂತ್ರವೆಂದರೆ ತಂತ್ರಾಂಶದಿಂದ ರೂಪಿಸಿದ ಗಣಕಯಂತ್ರ. ಹೈಪರ್‌ವೈಸರ್ ಎಂಬ ಮೇಲ್ವಿಚಾರಕ ತಂತ್ರಾಂಶವು ಒಂದು ದೊಡ್ಡ ಯಂತ್ರದ ಸ್ಮೃತಿ ಮತ್ತು ಡಿಸ್ಕ್‌ಗಳನ್ನು ಭಾಗ ಮಾಡಿ, ಪ್ರತಿ ಭಾಗಕ್ಕೂ ಅದರದೇ ಆಪರೇಟಿಂಗ್ ಸಿಸ್ಟಮ್ ನಡೆಸಲು ಅವಕಾಶ ನೀಡುತ್ತದೆ. ಒಂದು ಭಾಗದ ಆಪರೇಟಿಂಗ್ ಸಿಸ್ಟಮ್ ಕುಸಿದರೆ ಅದನ್ನು ಮಾತ್ರ ಪುನಃ ಆರಂಭಿಸಲಾಗುತ್ತದೆ. ನೆರೆಯ ಭಾಗಗಳು ಎಂದಿನಂತೆ ನಡೆಯುತ್ತವೆ.

ಈ ವಿಧಾನ ಹೊಸದೇನಲ್ಲ. ಐ.ಬಿ.ಎಂ. ಸಂಸ್ಥೆಯು 1960ರ ದಶಕದಲ್ಲಿಯೇ ಇದನ್ನು ರೂಪಿಸಿ, 1972ರಲ್ಲಿ ವಿಎಂ/370 ಎಂಬ ಹೆಸರಿನಲ್ಲಿ ಪ್ರಕಟಿಸಿತು. 1973ರಲ್ಲಿ ಮ್ಯಾಡ್ನಿಕ್ ಮತ್ತು ಡೊನೊವನ್ ಎಂಬ ತಜ್ಞರು ಇದರ ಪರವಾಗಿ ಮುಂದಿಟ್ಟ ವಾದ ಇಂದಿಗೂ ಗಮನಾರ್ಹ. ಆಪರೇಟಿಂಗ್ ಸಿಸ್ಟಮ್ ಬಹು ದೊಡ್ಡ ತಂತ್ರಾಂಶವಾದ್ದರಿಂದ ಅದರಲ್ಲಿ ದೋಷಗಳು ಉಳಿಯುವ ಸಂಭವ ಹೆಚ್ಚು. ಮೇಲ್ವಿಚಾರಕ ತಂತ್ರಾಂಶ ಚಿಕ್ಕದು, ಪರಿಶೀಲಿಸುವುದು ಸುಲಭ. ಒಬ್ಬ ಬಳಕೆದಾರನು ಮತ್ತೊಬ್ಬನ ದಾಖಲೆಯನ್ನು ತಲುಪಬೇಕಾದರೆ ಎರಡೂ ಏಕಕಾಲದಲ್ಲಿ ವಿಫಲವಾಗಬೇಕು. ಎರಡರ ದೋಷಗಳು ಪರಸ್ಪರ ಸಂಬಂಧವಿಲ್ಲದವಾಗಿದ್ದರೆ ಅಂತಹ ಸಂಭವ ಅತಿ ಕಡಿಮೆ.

ಆದರೆ ಮಿತಿಗಳೂ ಇವೆ. ಮೂಲ ಯಂತ್ರವೇ ಕೆಟ್ಟರೆ ಅದರಲ್ಲಿನ ಎಲ್ಲ ಭಾಗಗಳೂ ನಿಲ್ಲುತ್ತವೆ. ಆದ್ದರಿಂದ ಬದಲಿ ಯಂತ್ರ ಮತ್ತು ಬೇರೊಂದು ಸ್ಥಳದಲ್ಲಿ ದಾಖಲೆಗಳ ಪ್ರತಿ ಇರಲೇಬೇಕು. 2018ರಲ್ಲಿ ಬಹಿರಂಗಗೊಂಡ ಮೆಲ್ಟ್‌ಡೌನ್ ಮತ್ತು ಸ್ಪೆಕ್ಟರ್ ಎಂಬ ದೋಷಗಳು ತಂತ್ರಾಂಶದ ಗೋಡೆ ಭದ್ರವಾಗಿದ್ದರೂ ಪ್ರೊಸೆಸರ್‌ನ ಮೂಲಕ ಮಾಹಿತಿ ಸೋರಬಹುದೆಂದು ತೋರಿಸಿದವು. ಇನ್ನು, ಅಧಿಕೃತ ಪಾಸ್‌ವರ್ಡ್ ಅನ್ಯರ ಕೈಸೇರಿದರೆ ಯಾವ ಪ್ರತ್ಯೇಕತೆಯೂ ತಡೆಯಲಾರದು. ಭೂಮಿ ಯೋಜನೆಯಲ್ಲಿ ಮೊದಲಿನಿಂದಲೂ ಸಿಬ್ಬಂದಿಯ ಬೆರಳಚ್ಚು ಪಡೆಯುವ ಕ್ರಮವನ್ನು ಅಳವಡಿಸಿರುವುದು ಈ ಕಾರಣಕ್ಕಾಗಿಯೇ.

ಕೌಂಟರ್‌ನಲ್ಲಿ "ಸರ್ವರ್ ಇಲ್ಲ" ಎಂಬ ಉತ್ತರ ದೊರೆತಾಗ ಸರ್ವರ್ ಕೆಟ್ಟಿದೆ ಎಂದೇ ಭಾವಿಸಬೇಕಾಗಿಲ್ಲ. ಸ್ಥಳೀಯ ಸಂಪರ್ಕ ಕಡಿತ ಅಥವಾ ವಿದ್ಯುತ್ ವ್ಯತ್ಯಯದಿಂದಲೂ ಹೀಗಾಗಬಹುದು. ಅಂತಹ ಸಂದರ್ಭದಲ್ಲಿ ಈಗಾಗಲೇ ದಾಖಲಾಗಿರುವ ಅರ್ಜಿಯು ಅಳಿಸಿಹೋಗುವುದಿಲ್ಲ. ಅರ್ಜಿದಾರರು ಸ್ವೀಕೃತಿ ಪತ್ರವನ್ನು ಕಾಯ್ದಿಟ್ಟುಕೊಂಡು, ಸಂಪರ್ಕ ಮರಳಿದ ನಂತರ ಅದರಲ್ಲಿನ ಸಂಖ್ಯೆಯ ಮೂಲಕ ಅರ್ಜಿಯ ಸ್ಥಿತಿಯನ್ನು ವಿಚಾರಿಸತಕ್ಕದ್ದು. ಸ್ವೀಕೃತಿ ದೊರೆಯುವ ಮೊದಲೇ ಸಂಪರ್ಕ ಕಡಿತಗೊಂಡಿದ್ದಲ್ಲಿ, ಅರ್ಜಿ ದಾಖಲಾಗಿದೆಯೇ ಎಂಬುದನ್ನು ಖಚಿತಪಡಿಸಿಕೊಂಡೇ ಮತ್ತೊಮ್ಮೆ ಶುಲ್ಕ ಪಾವತಿಸುವುದು ಸೂಕ್ತ.