ಜೀವನಮಟ್ಟದ ಅಳತೆಗೋಲು

ಒಂದು ದೇಶದ ಸಂಪತ್ತನ್ನು ತಲಾ ಆದಾಯದಿಂದ ಅಳೆಯುವುದು ಸುಲಭ. ಆ ಸಂಪತ್ತಿನಿಂದ ಜನರ ಬಾಳು ಎಷ್ಟರಮಟ್ಟಿಗೆ ಹಸನಾಯಿತೆಂಬುದನ್ನು ಅಳೆಯುವುದು ಕಷ್ಟ. ಈ ಕೊರತೆಯನ್ನು ನೀಗಲೋಸುಗ ಅರ್ಥಶಾಸ್ತ್ರಜ್ಞ ಮಾರಿಸ್ ಡೇವಿಡ್ ಮಾರಿಸರು 1979ರಲ್ಲಿ ಸಾಕ್ಷರತೆ, ಶಿಶುಮರಣ, ಒಂದು ವರ್ಷ ತುಂಬಿದ ಮಗುವಿನ ನಿರೀಕ್ಷಿತ ಆಯುಸ್ಸು ಎಂಬ ಮೂರು ಅಂಶಗಳಿಂದ ದೇಶಗಳನ್ನು ತೂಗಿದರು. 1990ರಲ್ಲಿ ಮಹಬೂಬ್ ಉಲ್ ಹಕ್ ಅವರ ನೇತೃತ್ವದಲ್ಲಿ ವಿಶ್ವಸಂಸ್ಥೆಯ ಮಾನವಾಭಿವೃದ್ಧಿ ಸೂಚ್ಯಂಕವು ಹೊರಬಂದಿತು. ಆಯುಸ್ಸು, ವಿದ್ಯೆ, ಆದಾಯ ಇವೇ ಅದರ ಆಧಾರಸ್ತಂಭಗಳು.

ಲೆಕ್ಕದ ಬಗೆಯೂ ಇಲ್ಲಿ ಮುಖ್ಯ. ಮೂರು ಅಂಶಗಳಲ್ಲಿ ಒಂದು ದೇಶಕ್ಕೆ 0.8, 0.8, 0.2 ಅಂಕಗಳು ದೊರೆತುವೆನ್ನೋಣ. ಸಾಮಾನ್ಯ ಸರಾಸರಿ 0.6 ಆಗುತ್ತದೆ. 2010ರಿಂದ ಬಳಕೆಗೆ ಬಂದ ಗುಣೋತ್ತರ ಸರಾಸರಿಯಾದರೋ ಸುಮಾರು 0.5 ಮಾತ್ರ. ಒಂದರ ಸಮೃದ್ಧಿಯು ಇನ್ನೊಂದರ ದಾರಿದ್ರ್ಯವನ್ನು ಪೂರ್ತಿಯಾಗಿ ಮರೆಸಬಾರದೆಂಬುದೇ ಇದರ ಆಶಯ.

ಅಳತೆಗೋಲು ಬದಲಾದರೆ ಸ್ಥಾನವೂ ಬದಲಾಗುವುದೆಂಬುದಕ್ಕೆ ಆಂಧ್ರದ ನಗರಗಳೇ ಸಾಕ್ಷಿ. ಕೇಂದ್ರ ಸರಕಾರದ ಸುಗಮ ಜೀವನ ಸೂಚ್ಯಂಕದಲ್ಲಿ, 2018ರಲ್ಲಿ, 111 ನಗರಗಳ ಪೈಕಿ ವಿಜಯವಾಡಕ್ಕೆ 9ನೆಯ ಸ್ಥಾನ, ಬೆಂಗಳೂರಿಗೆ 58ನೆಯದು. 2021ರ ಮಾರ್ಚಿಯಲ್ಲಿ ಪ್ರಕಟವಾದ ಮುಂದಿನ ಪಟ್ಟಿಯಲ್ಲಿ, ಹತ್ತು ಲಕ್ಷ ಮೀರಿದ 49 ನಗರಗಳಲ್ಲಿ ಬೆಂಗಳೂರು ಪ್ರಥಮ, ವಿಶಾಖಪಟ್ಟಣ 15ನೆಯದು, ವಿಜಯವಾಡ 41ನೆಯದು! ಇಷ್ಟರೊಳಗೆ ಕೃಷ್ಣಾತೀರದ ಬಾಳು ಕುಸಿಯಿತೆ? ಹಾಗೆನ್ನಲಾಗದು. ಮೊದಲು ಭೌತಿಕ ಸೌಕರ್ಯಕ್ಕೆ 45, ಆರ್ಥಿಕತೆಗೆ ಕೇವಲ 5 ಅಂಕಗಳಿದ್ದುವು. ಅನಂತರ ಆರ್ಥಿಕ ಸಾಮರ್ಥ್ಯಕ್ಕೆ 15, ನಾಗರಿಕರ ಅಭಿಪ್ರಾಯಕ್ಕೆ 30 ಅಂಕಗಳಾದುವು. ಆಡಳಿತವು ಬೇರೊಂದು ಪಟ್ಟಿಗೆ ಸೇರಿತು. ಆರ್ಥಿಕ ಸಾಮರ್ಥ್ಯದಲ್ಲಿ ಬೆಂಗಳೂರೇ ಮುಂದು. ಆದುದರಿಂದ ಈ ಎರಡು ಪಟ್ಟಿಗಳನ್ನು ಒಂದರ ಪಕ್ಕದಲ್ಲೊಂದಿಟ್ಟು ಏಳುಬೀಳುಗಳನ್ನು ನಿರ್ಣಯಿಸುವುದು ಸಲ್ಲದು.

ಇನ್ನೊಂದು ಮಿತಿಯೂ ಉಂಟು. 2020ರ ಮೇ 7ರಂದು ವಿಶಾಖಪಟ್ಟಣದಲ್ಲಿ ಕಾರ್ಖಾನೆಯೊಂದರಿಂದ ವಿಷಾನಿಲ ಸೋರಿದಾಗ ಪ್ರಾಣ ತೆತ್ತವರು ಅದರ ನೆರೆಹೊರೆಯವರು. 2024ರ ಸೆಪ್ಟೆಂಬರಿನಲ್ಲಿ ಬುಡಮೇರು ಉಕ್ಕಿದಾಗ ವಿಜಯವಾಡದ ತಗ್ಗಿನ ಬಡಾವಣೆಗಳು ಮುಳುಗಿದುವು. ಸರಾಸರಿಯು ಊರಿನದು, ಬಾಳುವೆ ಕೇರಿಯದು. ಮಾನವಾಭಿವೃದ್ಧಿ ಸೂಚ್ಯಂಕವು ಶಾಲೆಯ ವರ್ಷಗಳನ್ನು ಎಣಿಸುತ್ತದೆ. ಮಗು ಯಾವ ನುಡಿಯಲ್ಲಿ ಕಲಿಯಿತೆಂದು ಕೇಳುವುದಿಲ್ಲ. ತವರುನಾಡನ್ನು ಬಿಟ್ಟು ಬಂದ ಕುಟುಂಬಕ್ಕೆ ಆ ಪ್ರಶ್ನೆ ಅಲ್ಪವಾದುದಲ್ಲ.

ಹಾಗೆಂದು ಸೂಚ್ಯಂಕಗಳು ನಿಷ್ಪ್ರಯೋಜಕವಲ್ಲ. ಆದಾಯವೊಂದೇ ಪ್ರಗತಿಯಲ್ಲವೆಂದು ಸರಕಾರಗಳಿಗೆ ನೆನಪಿಸಿದ ಹಿರಿಮೆ ಅವುಗಳದು. ಸ್ಥಾನವನ್ನು ನೋಡುವ ಮುನ್ನ ಯಾವುದನ್ನು ತೂಗಿದರು, ಯಾವುದಕ್ಕೆಷ್ಟು ತೂಕವಿತ್ತರು, ಯಾವುದನ್ನು ಬಿಟ್ಟರು ಎಂದು ವಿಚಾರಿಸುವುದು ವಿವೇಕಿಗಳ ಕೆಲಸ.